ಯುದ್ಧದ ಲಾರಿಗೆ ಮಲೆನಾಡಿನ ವಿಂಚ್

ಎರಡನೇ ಮಹಾಯುದ್ಧ ಮುಗಿದ ಮೇಲೆ ಭಾರತದಲ್ಲಿ ಸಾವಿರಾರು ಸೈನಿಕ ಲಾರಿಗಳು ಕೆಲಸವಿಲ್ಲದೆ ನಿಂತವು. ಅಸ್ಸಾಮಿನ ಕಡೆ ನಿಂತಿದ್ದವು ಅಮೆರಿಕನ್ನರವು, ದೇಶದ ಉಳಿದ ದಂಡು ಪ್ರದೇಶಗಳಲ್ಲಿ ನಿಂತಿದ್ದವು ಬ್ರಿಟಿಷ್ ಇಂಡಿಯಾ ಸೈನ್ಯದವು. ಸಮುದ್ರ ದಾಟಿಸಿ ವಾಪಸು ಒಯ್ಯುವುದು ಗಿಟ್ಟುವ ಮಾತಾಗಿರಲಿಲ್ಲ. 1946ರ ಮೇ ತಿಂಗಳಲ್ಲಿ ಅಮೆರಿಕ ಮತ್ತು ಭಾರತ ಸರ್ಕಾರಗಳು ಒಪ್ಪಂದ ಮಾಡಿಕೊಂಡು ಇಲ್ಲಿ ಉಳಿದಿದ್ದ ಅಮೆರಿಕನ್ ಸಾಮಗ್ರಿಯ ಲೆಕ್ಕವನ್ನು ಚುಕ್ತಾ ಮಾಡಿಕೊಂಡವು. ಡಿಸ್ಪೋಸಲ್ಸ್ ಇಲಾಖೆಯ ಮೂಲಕ ಟೈರು, ಟೆಂಟು, ಲಾರಿ ಎಲ್ಲವೂ ಮಾರಾಟಕ್ಕೆ ಬಂದವು. ಜನ ಆ ವಾಹನಗಳನ್ನು 'ಡಿಸ್ಪೋಸಲ್ ಗಾಡಿ' ಎಂದರು, 'ಮಿಲಿಟರಿ ಲಾರಿ' ಎಂದರು. ಅವುಗಳಲ್ಲಿ ಕೆಲವು ಬಸ್ಸುಗಳಾದವು, ಕೆಲವು ನೀರಿನ ಟ್ಯಾಂಕರ್‌ಗಳಾದವು. ಮಲೆನಾಡಿಗೆ ಬಂದವು ನಾಟಾ ಲಾರಿಗಳಾದವು.

ನಾನು ಬರೆಯಹೊರಟಿರುವುದು ಆ ನಾಟಾ ಲಾರಿಗಳ ಬಗ್ಗೆ, ಅದರಲ್ಲೂ ಮೂತಿಗೆ ವಿಂಚ್, ಅಂದರೆ ತಂತಿಯ ರೋಪನ್ನು ಡ್ರಮ್ಮಿಗೆ ಸುತ್ತಿಕೊಂಡು ಭಾರ ಎಳೆಯುವ ಯಂತ್ರ, ಕೂರಿಸಿಕೊಂಡಿದ್ದವುಗಳ ಬಗ್ಗೆ. ತೀರ್ಥಹಳ್ಳಿ ಕಡೆಯ ಒಂದು ಗ್ಯಾರೇಜಿನಲ್ಲಿ, ಅಂಥ ಲಾರಿಗಳ ಅಡಿಯಲ್ಲಿ ಮಲಗಿಯೇ ನಾನು ಕೆಲಸ ಕಲಿತೆ. ಎಪ್ಪತ್ತರ ದಶಕದಲ್ಲಿ ನಾನು ಸ್ಪ್ಯಾನರ್ ಹಿಡಿದಾಗ ಅವು ಯುದ್ಧ ಕಂಡು ಮೂವತ್ತು ವರ್ಷಗಳಾಗಿದ್ದವು. ಇಷ್ಟು ಕಾಲ ಅವುಗಳ ಜತೆ ಇದ್ದು ನನಗೆ ಖಚಿತವಾಗಿರುವ ಮಾತು ಒಂದೇ: ಈ ಲಾರಿಗಳು ಎರಡು ಸಲ ತಯಾರಾದವು. ಮೊದಲ ಸಲ ಅಮೆರಿಕ, ಕೆನಡಾಗಳ ಕಾರ್ಖಾನೆಗಳಲ್ಲಿ. ಎರಡನೇ ಸಲ ಮಲೆನಾಡಿನ ಗ್ಯಾರೇಜುಗಳಲ್ಲಿ. ಮೊದಲನೆಯದನ್ನು ಪುಸ್ತಕಗಳು ಚೆನ್ನಾಗಿ ದಾಖಲಿಸಿವೆ. ಎರಡನೆಯದನ್ನು ಯಾರೂ ಬರೆದಿಟ್ಟಿಲ್ಲ.

ನಮ್ಮ ಕಡೆ ಹೆಚ್ಚಾಗಿ ಕಾಣುತ್ತಿದ್ದುದು ಕೆನಡಾದ ಲಾರಿಗಳು. ಫೋರ್ಡ್ ಮತ್ತು ಷೆವರ್ಲೆ ಕಂಪನಿಗಳು ಬ್ರಿಟಿಷ್ ಸೈನ್ಯದ ಒಂದೇ ನಕ್ಷೆಗೆ ತಕ್ಕಂತೆ ಅಲ್ಲಿ ಇವನ್ನು ಕಟ್ಟಿದ್ದವು. ಮೋಟು ಮೂತಿ, ಬಲಗಡೆಗೆ ಸ್ಟೇರಿಂಗು. ಫೋರ್ಡಿನಲ್ಲಿ ವಿ ಆಕಾರದ ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಷೆವರ್ಲೆಯಲ್ಲಿ ಸಾಲಾಗಿ ನಿಂತ ಆರು ಸಿಲಿಂಡರು. ಯುದ್ಧಕಾಲದಲ್ಲಿ ಕೆನಡಾ ಈ ನಕ್ಷೆಯ ವಾಹನಗಳನ್ನು ನಾಲ್ಕು ಲಕ್ಷಕ್ಕೂ ಹೆಚ್ಚು ತಯಾರಿಸಿತು. ಅಪರೂಪಕ್ಕೆ ಬರುತ್ತಿದ್ದುದು ಅಮೆರಿಕದ ಜಿ.ಎಂ.ಸಿ. ಉದ್ದ ಮೂತಿ, ಎಡಗಡೆ ಸ್ಟೇರಿಂಗು, ಹಿಂದೆ ಎರಡು ಅಚ್ಚು, ಮುಂದೆ ಒಂದು. ಮೂರಕ್ಕೂ ಎಂಜಿನ್ನಿನ ಬಲ ಹೋಗುತ್ತಿತ್ತು. ಸೈನ್ಯದ ಲೆಕ್ಕದಲ್ಲಿ ಅದು ಎರಡೂವರೆ ಟನ್ನಿನ ಲಾರಿ. 1941ರಿಂದ 1945ರವರೆಗೆ ಇಂಥವು ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಐದು ಗೇರು, ಅದರ ಹಿಂದೆ ಹೆಚ್ಚು–ಕಡಿಮೆ ಎಂಬ ಎರಡು ಹಂತದ ಟ್ರಾನ್ಸ್‌ಫರ್ ಕೇಸು. ಕಡಿಮೆ ಹಂತಕ್ಕೆ ಹಾಕಿ ಮೊದಲ ಗೇರಿನಲ್ಲಿ ಬಿಟ್ಟರೆ ಆಗುಂಬೆ ಸೀಮೆಯ ಕೆಸರಿನಲ್ಲೂ ಅದು ನಡೆಯುವ ಮನುಷ್ಯನ ವೇಗದಲ್ಲಿ ಎಡೆಬಿಡದೆ ಸಾಗುತ್ತಿತ್ತು.

ಜಿ.ಎಂ.ಸಿ. ಲಾರಿಗಳಲ್ಲಿ ಒಂದು ಪಾಲು ಕಾರ್ಖಾನೆಯಿಂದಲೇ ಮುಂದುಗಡೆ ವಿಂಚ್ ಇಟ್ಟುಕೊಂಡು ಬರುತ್ತಿತ್ತು. ಆ ವಿಂಚಿನ ಎಳೆತ 10,000 ಪೌಂಡು, ಅಂದರೆ ನಾಲ್ಕೂವರೆ ಟನ್ನು. ವಿಂಚ್ ಇದ್ದ ಲಾರಿಯ ಚಾಸಿ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು. ಆ ಚಾಚಿನ ನಡುವೆ ಡ್ರಮ್ಮು, ಅದರ ಮುಂದೆ ಬಂಪರು. ಗಾರ್‌ವುಡ್ ಕಂಪನಿ ಮತ್ತು ಮಿಲ್ವಾಕಿಯ ಹೀಲ್ ಕಂಪನಿ ಇವನ್ನು ಮಾಡಿಕೊಡುತ್ತಿದ್ದವು. ಗಾರ್ ವುಡ್ ಎಂಬಾತ ಲಾರಿಯ ತೊಟ್ಟಿಯನ್ನು ಎಣ್ಣೆಯ ಒತ್ತಡದಿಂದ ಎತ್ತುವ ಯಂತ್ರ ಮಾಡಿ ಹಣ ಗಳಿಸಿದವನು. ಇಂದಿನ ಟಿಪ್ಪರುಗಳ ವಂಶ ಅವನಿಗೆ ಹೋಗಿ ಮುಟ್ಟುತ್ತದೆ. ಡಾಜ್ ಕಂಪನಿಯ ಸಣ್ಣ ಸೈನಿಕ ಗಾಡಿಗಳ ವಿಂಚು ಬ್ರೇಡನ್ ಕಂಪನಿಯದು. ಆ ಕಂಪನಿ ಒಕ್ಲಹಾಮಾದ ತೈಲಬಾವಿಗಳ ಸೀಮೆಯಲ್ಲಿ ಹುಟ್ಟಿದ್ದು. ಬಾವಿಯ ಕೊಳವೆ ಎತ್ತುವ ಕೆಲಸದಲ್ಲಿ ಪಳಗಿದ ಯಂತ್ರವೇ ಯುದ್ಧಕ್ಕೆ ಹೋಯಿತು, ಯುದ್ಧದಿಂದ ನಮ್ಮ ಕಾಡಿಗೆ ಬಂತು.

ವಿಂಚ್ ಇಲ್ಲದ ಲಾರಿ ಕೆಸರಿನ ದಾರಿಯಲ್ಲಿ ಎಷ್ಟು ಅಸಹಾಯಕ ಎಂಬುದನ್ನು ಲೆಡೊ ರಸ್ತೆ ತೋರಿಸಿಕೊಟ್ಟಿತು. ಅಸ್ಸಾಮಿನ ಲೆಡೊದಿಂದ ಬರ್ಮಾದ ಕಾಡು ಬೆಟ್ಟಗಳನ್ನು ದಾಟಿ ಚೀನಾದ ಕುನ್ಮಿಂಗ್‌ವರೆಗೆ 1,736 ಕಿಲೋಮೀಟರ್ ದಾರಿ. ಅದನ್ನು ಕಡಿದವರಲ್ಲಿ ಅಮೆರಿಕದ ಸುಮಾರು 15,000 ಸೈನಿಕರಿದ್ದರು, ಅವರಲ್ಲಿ ಹೆಚ್ಚಿನವರು ಕಪ್ಪು ಜನ. ಅವರೊಂದಿಗೆ ಭಾರತದ, ಬರ್ಮಾದ ಸಾವಿರಾರು ಕೂಲಿಗಳೂ ದುಡಿದರು. ಮೊದಲ ವಾಹನಗಳ ಸಾಲು 1945ರ ಜನವರಿ 12ರಂದು ಲೆಡೊ ಬಿಟ್ಟು ಫೆಬ್ರುವರಿ 4ರಂದು ಕುನ್ಮಿಂಗ್ ಸೇರಿತು. ಅಂಥ ದಾರಿಯಲ್ಲಿ ಮುಂದಿನ ಲಾರಿ ಹೂತುಹೋದರೆ ಹಿಂದಿನವೆಲ್ಲ ನಿಂತಹಾಗೆಯೇ. ಮೂತಿಯಲ್ಲಿ ವಿಂಚ್ ಇದ್ದ ಗಾಡಿ ಎದುರಿನ ಮರಕ್ಕೆ ರೋಪು ಕಟ್ಟಿ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ, ಆಮೇಲೆ ಹಿಂದಿನವನನ್ನೂ ಎಳೆದುಕೊಡುತ್ತದೆ. ಮುಂದುಗಡೆಯೇ ಏಕೆ ಎಂದು ಕೇಳುವವರಿಗೆ ಇದು ಮೊದಲ ಉತ್ತರ. ಎರಡನೆಯದು, ಎಳೆಯುವ ವಸ್ತು ಡ್ರೈವರನ ಕಣ್ಣೆದುರೇ ಇರುತ್ತದೆ. ಮೂರನೆಯದು, ಲಾರಿಯ ಹಿಂಭಾಗ ಪೂರ್ತಿ ಹೊರೆಗೆ ಉಳಿಯುತ್ತದೆ.

ಮಲೆನಾಡಿನ ಕೂಪುಗಳಿಗೆ, ಅಂದರೆ ಕಾಡಿನಲ್ಲಿ ಮರ ಕಡಿಯುವ ಜಾಗಗಳಿಗೆ, ಈ ಮೂರೂ ಬೇಕಿತ್ತು. ಲಾರಿ ಬರುವ ಮೊದಲು ದಿಮ್ಮಿ ಎಳೆಯುತ್ತಿದ್ದುದು ಆನೆ, ಎತ್ತು ಮತ್ತು ಮನುಷ್ಯ. ಮೈಸೂರು ಸಂಸ್ಥಾನದ ಕಾಕನಕೋಟೆಯ ಖೆಡ್ಡಾಗಳಲ್ಲಿ ಹಿಡಿದ ಆನೆಗಳನ್ನು ಪಳಗಿಸಿ ಕಾಡಿನ ಕೆಲಸಕ್ಕೂ ಹಚ್ಚುತ್ತಿದ್ದರು. ಶಿವಮೊಗ್ಗದ ಬಳಿಯ ಸಕ್ರೆಬೈಲು, ಕೊಡಗಿನ ದುಬಾರೆ ಬಿಡಾರಗಳ ಆನೆಗಳು ನಾಟಾ ಎಳೆದ ಕಾಲವಿತ್ತು. ಖೆಡ್ಡಾ 1971ರಲ್ಲಿ ಕೊನೆಯಾಯಿತು. ಮನುಷ್ಯಬಲದ ಕೆಲಸದಲ್ಲಿ ಮಲಬಾರಿನಿಂದ ಬರುತ್ತಿದ್ದ ಮಾಪಿಳ್ಳೆಯರದು ಎತ್ತಿದ ಕೈ. ಹಗ್ಗ, ಕಪ್ಪಿ, ಮರದ ಸನ್ನೆಗೋಲು ಇಷ್ಟರಿಂದಲೇ ಅವರು ಎಂಥ ದಿಮ್ಮಿಯನ್ನಾದರೂ ಮಿಸುಕಾಡಿಸುತ್ತಿದ್ದರು. ವಿಂಚ್ ಬಂದ ಮೇಲೂ ಅವರ ವಿದ್ಯೆ ಬಿದ್ದುಹೋಗಲಿಲ್ಲ. ರೋಪನ್ನು ಎಲ್ಲಿ ಕಟ್ಟಬೇಕು, ಕಪ್ಪಿಯನ್ನು ಯಾವ ಮರಕ್ಕೆ ತೂಗಬೇಕು, ದಿಮ್ಮಿ ಯಾವ ಕಡೆ ಉರುಳೀತು ಎಂದು ಹೇಳುತ್ತಿದ್ದವರು ಅವರೇ. ಡ್ರೈವರ್ ಅವರ ಕೈಸನ್ನೆಯನ್ನೇ ನೋಡುತ್ತ ಕ್ಲಚ್ಚು ಬಿಡುತ್ತಿದ್ದ.

ಹರಾಜಿನಲ್ಲಿ ಸಿಕ್ಕ ಲಾರಿಗಳಲ್ಲಿ ಬಹಳಷ್ಟಕ್ಕೆ ವಿಂಚ್ ಇರಲಿಲ್ಲ. ಕೆನಡಾದ ಲಾರಿಗಳಲ್ಲಿ ವಿಂಚ್ ಇದ್ದ ಮಾದರಿಗಳಲ್ಲೂ ಅದು ಸಾಮಾನ್ಯವಾಗಿ ಕ್ಯಾಬಿನ್ನಿನ ಹಿಂದೆ, ಚಾಸಿಯ ನಡುವೆ ಇರುತ್ತಿತ್ತು. ಆದ್ದರಿಂದ ನಾಟಾ ಕಂಟ್ರಾಕ್ಟರುಗಳು ವಿಂಚನ್ನು ಒಂದು ಕಡೆ, ಲಾರಿಯನ್ನು ಇನ್ನೊಂದು ಕಡೆ ಕೊಂಡು, ಎರಡನ್ನೂ ಗ್ಯಾರೇಜಿಗೆ ತಂದು ಇಳಿಸಿ "ಕೂಡಿಸಿಕೊಡಿ ಮೇಸ್ತ್ರಿ" ಎನ್ನುತ್ತಿದ್ದರು. ನಮ್ಮ ಮೇಸ್ತ್ರಿ ಯುದ್ಧದ ಕಾಲದಲ್ಲಿ ಸೈನ್ಯದ ವರ್ಕ್‌ಷಾಪಿನಲ್ಲಿ ದುಡಿದು ಬಂದವರು. ಇಂಗ್ಲಿಷ್ ಕೈಪಿಡಿಗಳ ಚಿತ್ರಗಳನ್ನು ಅವರು ಓದಬಲ್ಲವರಾಗಿದ್ದರು. ಅಕ್ಷರ ಓದಲು ನನ್ನಂಥ ಹುಡುಗರನ್ನು ಕರೆಯುತ್ತಿದ್ದರು. ವಿಂಚ್ ಕೂರಿಸುವ ಕೆಲಸವನ್ನು ಅವರು ಬೋಲ್ಟಿನಿಂದ ಶುರುಮಾಡುತ್ತಿರಲಿಲ್ಲ. ಮೊದಲು ಲಾರಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಚಾಸಿಯ ಎರಡು ಪಟ್ಟಿಗಳನ್ನು ತುದಿಯಿಂದ ಹಿಂದಿನವರೆಗೆ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಿದ್ದರು. ರಿವೆಟ್ ಸಡಿಲಾಗಿದ್ದರೆ, ಬಿರುಕು ಬಿಟ್ಟಿದ್ದರೆ ಸದ್ದು ಒಡಕಾಗುತ್ತದೆ.

"ಲೋ ಹುಡುಗಾ, ದಿಮ್ಮಿ ಎಳೆಯೋದು ವಿಂಚ್ ಅಲ್ಲ, ಚಾಸಿ" ಎಂದು ಅವರು ಹೇಳುತ್ತಿದ್ದರು. ಈ ಕಸುಬಿನ ತಿರುಳು ಆ ಮಾತಿನಲ್ಲಿದೆ. ಎಳೆತ ನಾಲ್ಕು ಟನ್ ಇದ್ದರೆ ಅಷ್ಟೂ ಬಲ ಚಾಸಿಯ ಮುಂದಿನ ಎರಡು ಕೊಂಬುಗಳ ಮೇಲೆ ಬೀಳುತ್ತದೆ. ಕೊಂಬನ್ನು ಬರಿದೇ ಉದ್ದ ಮಾಡಿ ಅದರ ತುದಿಗೆ ವಿಂಚ್ ಕೂರಿಸಿದರೆ, ಓರೆಯಾಗಿ ಎಳೆದ ಮೊದಲ ದಿಮ್ಮಿಗೇ ಅದು ತಿರುಚಿಕೊಳ್ಳುತ್ತದೆ. ಹಾಗಾಗಿ ಹೊಸ ಉಕ್ಕಿನ ಪಟ್ಟಿಯನ್ನು ಹಳೆಯ ಚಾಸಿಯ ಒಳಮಗ್ಗುಲಿಗೆ ಸೇರಿಸಿ, ಮುಂದಿನ ಸ್ಪ್ರಿಂಗು ಕೂರುವ ಬ್ರಾಕೆಟ್ಟನ್ನೂ ದಾಟಿ ಹಿಂದಕ್ಕೆ ಒಯ್ಯಬೇಕು. ಆಗ ಎಳೆತ ತುದಿಯಲ್ಲೇ ನಿಲ್ಲದೆ ಚಾಸಿಯ ಉದ್ದಕ್ಕೆ ಹಂಚಿಹೋಗುತ್ತದೆ. ಎರಡು ಕೊಂಬುಗಳ ನಡುವೆ ಅಡ್ಡಪಟ್ಟಿಯೂ ಬೇಕು. ಆದಷ್ಟು ಮಟ್ಟಿಗೆ ಹಳೆಯ ರಿವೆಟ್ ತೂತುಗಳನ್ನೇ ಬಳಸಬೇಕು. ಹೊಸ ತೂತು ಕೊರೆದಷ್ಟೂ ಚಾಸಿ ಸೊರಗುತ್ತದೆ. ಬೋಲ್ಟು ತೂತಿನಲ್ಲಿ ಅಲುಗದಂತೆ ಬಿಗಿಯಾಗಿ ಕೂರಬೇಕು. ವೆಲ್ಡಿಂಗ್ ಬಂದ ಮೇಲೆ ಎಷ್ಟೋ ಗ್ಯಾರೇಜುಗಳು ಅದರ ಸುಲಭಕ್ಕೆ ಒಲಿದವು. ನಮ್ಮ ಮೇಸ್ತ್ರಿ ಚಾಸಿಯ ಮೇಲಂಚು, ಕೆಳಂಚುಗಳಿಗೆ ವೆಲ್ಡಿಂಗ್ ಕಡ್ಡಿ ತಾಗಿಸಲು ಬಿಡುತ್ತಿರಲಿಲ್ಲ. ಬೆಸುಗೆಯ ಕಾವಿಗೆ ಸಿಕ್ಕ ಪಟ್ಟಿ ಬೆಸುಗೆಯ ಪಕ್ಕದಲ್ಲೇ ಬಿರಿಯುತ್ತದೆ ಎಂಬುದನ್ನು ಆಮೇಲೆ ನಾನೇ ಎಷ್ಟೋ ಲಾರಿಗಳಲ್ಲಿ ಕಂಡಿದ್ದೇನೆ.

ಇನ್ನು ವಿಂಚಿಗೆ ಬಲ ಕೊಡುವ ಕೆಲಸ. ಇಂದಿನ ಜೀಪುಗಳ ವಿಂಚು ಬ್ಯಾಟರಿಯ ಕರೆಂಟಿನಿಂದ ಓಡುತ್ತದೆ, ಸ್ವಲ್ಪ ಹೊತ್ತಿಗೆ ಕಾದು ವಿಶ್ರಾಂತಿ ಕೇಳುತ್ತದೆ. ಹಳೆಯ ಲಾರಿಯ ವಿಂಚು ಎಂಜಿನ್ನಿನ ಬಲದಿಂದಲೇ ಓಡುವಂಥದು; ಎಂಜಿನ್ ನಡೆಯುವಷ್ಟು ಹೊತ್ತೂ ಎಳೆಯುತ್ತದೆ. ಗೇರ್‌ಬಾಕ್ಸಿನ ಪಕ್ಕದಲ್ಲಿ ಬೋಲ್ಟು ಹಾಕಿ ಮುಚ್ಚಿದ ಒಂದು ಕಿಂಡಿ ಇರುತ್ತದೆ. ಆ ಮುಚ್ಚಳ ತೆಗೆದು ಪಿ.ಟಿ.ಓ. ಎಂಬ ಸಣ್ಣ ಗೇರುಪೆಟ್ಟಿಗೆಯನ್ನು ಅಲ್ಲಿ ಕೂರಿಸಿದರೆ, ಅದರ ಹಲ್ಲು ಒಳಗಿನ ಗೇರಿನ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಎರಡರ ಹಲ್ಲುಗಳ ನಡುವೆ ಎಷ್ಟು ಸಡಿಲ ಇರಬೇಕೆಂಬುದನ್ನು ತೀರ್ಮಾನಿಸುವುದು ನಡುವಿನ ಕಾಗದದ ಪ್ಯಾಕಿಂಗು. ಪ್ಯಾಕಿಂಗ್ ತೆಳುವಾದರೆ ಹಲ್ಲುಗಳು ಬಿಗಿಯಾಗಿ ಕೂತು ಕೀರಲು ಸದ್ದು ಮಾಡುತ್ತವೆ, ದಪ್ಪವಾದರೆ ಸಡಿಲವಾಗಿ ಕಟಕಟ ಬಡಿಯುತ್ತವೆ. ಮೇಸ್ತ್ರಿ ಪ್ಯಾಕಿಂಗ್ ಕಾಗದ ಒಂದೊಂದಾಗಿ ಸೇರಿಸುತ್ತ, ತೆಗೆಯುತ್ತ, ಎಂಜಿನ್ ಓಡಿಸಿ ಗೇರ್‌ಬಾಕ್ಸಿನ ಮೈಗೆ ಉದ್ದದ ಸ್ಕ್ರೂಡ್ರೈವರ್ ಆನಿಸಿ, ಅದರ ಹಿಡಿಯನ್ನು ಕಿವಿಗೆ ಒತ್ತಿ ಕೇಳುತ್ತಿದ್ದರು. ಸರಿಯಾದ ಸದ್ದು ಬರುವವರೆಗೆ ಬೋಲ್ಟು ಪೂರ್ತಿ ಬಿಗಿಯುತ್ತಿರಲಿಲ್ಲ.

ಪಿ.ಟಿ.ಓ.ದಿಂದ ಡ್ರಮ್ಮಿನವರೆಗೆ ಎಂಜಿನ್ನಿನ ಪಕ್ಕದಲ್ಲಿ, ಮುಂದಿನ ಅಚ್ಚಿನ ಮೇಲೆ ಹಾದು ಒಂದು ಶಾಫ್ಟು ಹೋಗಬೇಕು. ಲಾರಿ ನಿಂತಾಗ ಜಾಗ ಇದೆ ಎಂದರೆ ಸಾಲದು. ಗುಂಡಿಗೆ ಇಳಿದಾಗ ಸ್ಪ್ರಿಂಗು ಒತ್ತಿಕೊಂಡು ಅಚ್ಚು ಮೇಲೆ ಬರುತ್ತದೆ. ಆಗಲೂ ಶಾಫ್ಟಿಗೆ ತಾಗಬಾರದು. ಸ್ಟೇರಿಂಗಿನ ಕಡ್ಡಿ ಪೂರ್ತಿ ತಿರುಗಿದಾಗಲೂ ಬಡಿಯಬಾರದು. ಹ್ಯಾಂಡಲ್ ಹೊಡೆದು ಎಂಜಿನ್ ಚಾಲೂ ಮಾಡುವುದಕ್ಕೂ ಎದುರುಗಡೆ ದಾರಿ ಉಳಿಯಬೇಕು. ಶಾಫ್ಟಿನ ಎರಡು ತುದಿಯ ಕ್ರಾಸುಗಳು ಒಂದೇ ಕೋನದಲ್ಲಿ ಬಗ್ಗಿರಬೇಕು, ಎರಡು ತುದಿಯ ಕವಲುಗಳು ಒಂದೇ ನೇರಕ್ಕೆ ಇರಬೇಕು. ಇಲ್ಲದಿದ್ದರೆ ಶಾಫ್ಟು ಪ್ರತಿ ಸುತ್ತಿಗೂ ಎರಡು ಸಲ ಓಡಿ ಎರಡು ಸಲ ತಡೆಯುತ್ತದೆ, ಬೇರಿಂಗುಗಳು ಬೇಗ ಸಾಯುತ್ತವೆ. ಲೇತ್ ಇದ್ದ ಊರಿಗೆ ಹೋಗಿ ಶಾಫ್ಟು ಅಳತೆಗೆ ಮಾಡಿಸಿ ತರುತ್ತಿದ್ದೆವು. ಉಳಿದ ಕಬ್ಬಿಣದ ಕೆಲಸವೆಲ್ಲ ಪಕ್ಕದ ಕಮ್ಮಾರರ ಕುಲುಮೆಯಲ್ಲೇ ಆಗುತ್ತಿತ್ತು. ನೇಗಿಲಿನ ಗುಳ ಬಡಿಯುತ್ತಿದ್ದ ಅದೇ ಅಡಿಗಲ್ಲಿನ ಮೇಲೆ ಅಮೆರಿಕದ ವಿಂಚಿಗೆ ಬ್ರಾಕೆಟ್ಟು ತಯಾರಾಗುತ್ತಿತ್ತು.

ಶಾಫ್ಟು ವಿಂಚನ್ನು ಸೇರುವ ಜಾಗದಲ್ಲಿ ಬೆರಳುದ್ದದ ಒಂದು ಪಿನ್ನು ಇರುತ್ತದೆ. ಇಡೀ ಜೋಡಣೆಯಲ್ಲಿ ಅತ್ಯಂತ ಅಗ್ಗದ ವಸ್ತು ಅದು. ವಿಂಚಿನ ಶಕ್ತಿ ಮೀರಿದ ಹೊರೆ ಬಿದ್ದಾಗ ಮೊದಲು ಕತ್ತರಿಸಿಹೋಗಲೆಂದೇ ಅದನ್ನು ಮೆದು ಉಕ್ಕಿನಿಂದ ಮಾಡಿರುತ್ತಾರೆ. ಪಿನ್ನು ಹೋದರೆ ಎಂಜಿನ್ನಿನ ಬಲ ವಿಂಚಿಗೆ ಹೋಗುವುದು ತಕ್ಷಣ ನಿಲ್ಲುತ್ತದೆ. ರೋಪು, ಡ್ರಮ್ಮು, ಚಾಸಿ, ಮನುಷ್ಯ ಎಲ್ಲವೂ ಉಳಿಯುತ್ತವೆ. ವಿಂಚಿನ ಒಳಗೆ ತಿರುಪಿನ ಆಕಾರದ ವರ್ಮ್ ಗೇರು ಕಂಚಿನ ಹಲ್ಲುಚಕ್ರವನ್ನು ತಿರುಗಿಸುತ್ತದೆ. ತಿರುಪು ಚಕ್ರವನ್ನು ತಿರುಗಿಸಬಲ್ಲದು, ಹೊರೆಯಿಂದ ಜಗ್ಗಿಸಿಕೊಂಡ ಚಕ್ರ ತಿರುಪನ್ನು ಸುಲಭಕ್ಕೆ ಹಿಂದಕ್ಕೆ ತಿರುಗಿಸಲಾರದು. ಜತೆಗೆ ತಿರುಪಿನ ಶಾಫ್ಟಿಗೆ ತಾನೇ ಹಿಡಿದುಕೊಳ್ಳುವ ಬ್ರೇಕು ಇರುತ್ತದೆ. ಪಿನ್ನು ಕತ್ತರಿಸಿದರೂ ದಿಮ್ಮಿ ಇಳಿಜಾರಿನಲ್ಲಿ ಜಾರಿ ಕೆಳಗೆ ಬೀಳದಿರುವುದು ಇವೆರಡರಿಂದ. ಕೆಲಸದ ಅವಸರದಲ್ಲಿ ಮೆದು ಪಿನ್ನಿನ ಬದಲು ಗಟ್ಟಿ ಬೋಲ್ಟು ಹಾಕಿಸಿಕೊಳ್ಳಲು ಬರುವವರಿದ್ದರು. ಮೇಸ್ತ್ರಿ ಅಂಥವರ ಲಾರಿಯನ್ನು ಗ್ಯಾರೇಜಿನ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಪ್ರತಿ ಲಾರಿಯ ಸೀಟಿನ ಕೆಳಗೆ ಮೆದು ಪಿನ್ನುಗಳ ಒಂದು ಡಬ್ಬಿ ಇಟ್ಟುಕಳಿಸುವುದು ನಮ್ಮ ಗ್ಯಾರೇಜಿನ ಪದ್ಧತಿಯಾಗಿತ್ತು.

ವಿಂಚ್ ಕೂತ ಮೇಲೆ ಲಾರಿಯ ಮೂತಿ ತಗ್ಗುತ್ತದೆ. ಮುಂದಿನ ಸ್ಪ್ರಿಂಗಿಗೆ ಇನ್ನೊಂದು ಬ್ಲೇಡು ಸೇರಿಸಬೇಕು, ಸ್ಟೇರಿಂಗು ಭಾರವಾಗುತ್ತದೆಂದು ಡ್ರೈವರಿಗೆ ಹೇಳಬೇಕು. ಗೇರಿನ ಪೆಟ್ಟಿಗೆಗೆ 90 ನಂಬರಿನ ಎಣ್ಣೆ ತುಂಬಬೇಕು. ರೋಪನ್ನು ಹೊರೆಯಿಲ್ಲದೆ ಸುತ್ತಬಾರದು. ಸಣ್ಣ ದಿಮ್ಮಿಯೊಂದನ್ನು ಎಳೆಯುತ್ತ, ಎಳೆ ಎಳೆಯಾಗಿ ಒತ್ತೊತ್ತಿಗೆ ಕೂರಿಸಬೇಕು. ಇಲ್ಲವಾದರೆ ಹೊರೆ ಬಿದ್ದಾಗ ಮೇಲಿನ ಸುತ್ತು ಕೆಳಗಿನ ಸುತ್ತುಗಳ ನಡುವೆ ಸಿಕ್ಕಿಕೊಂಡು ಜಜ್ಜಿಹೋಗುತ್ತದೆ. ವಿಂಚಿನ ಫಲಕದ ಮೇಲೆ 10,000 ಪೌಂಡು ಎಂದು ಬರೆದಿರುವುದು ಡ್ರಮ್ಮಿನ ಮೇಲಿನ ಮೊದಲ ಪದರಕ್ಕೆ. ಪದರ ಏರಿದಂತೆ ಎಳೆತ ಕುಗ್ಗಿ ವೇಗ ಹೆಚ್ಚುತ್ತದೆ. ಆದ್ದರಿಂದ ಭಾರದ ದಿಮ್ಮಿಗೆ ರೋಪನ್ನು ಉದ್ದಕ್ಕೆ ಬಿಟ್ಟು ಎಳೆಯಬೇಕು, ಆದರೆ ಡ್ರಮ್ಮಿನ ಮೇಲೆ ಕೆಲವು ಸುತ್ತುಗಳು ಯಾವಾಗಲೂ ಉಳಿದಿರಬೇಕು. ಈ ಮಾತು ಕೂಪಿನ ಎಲ್ಲ ಕ್ಲೀನರುಗಳಿಗೂ ಬಾಯಿಪಾಠವಾಗಿತ್ತು.

ಕೂಪಿನಲ್ಲಿ ಕೆಲಸ ಹೇಗೆ ನಡೆಯುತ್ತಿತ್ತೆಂದು ಒಂದು ಲೆಕ್ಕದಿಂದ ಹೇಳುತ್ತೇನೆ. ಹದಿನೈದು ಅಡಿ ಉದ್ದ, ಆರಡಿ ಸುತ್ತಳತೆಯ ಹಸಿ ಮತ್ತಿಯ ದಿಮ್ಮಿ. ಅರಣ್ಯ ಇಲಾಖೆಯ ಅಳತೆಯಲ್ಲಿ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸುತ್ತಾರೆ. ಒಂದೂವರೆ ಇಂಟು ಒಂದೂವರೆ ಇಂಟು ಹದಿನೈದು, ಅಂದರೆ 33.75 ಘನ ಅಡಿ. ತೂಕ ಒಂದೂಕಾಲು ಟನ್ನಿನ ಆಸುಪಾಸು. ಇದನ್ನು ಇಳಿಜಾರಿನ ತಳದಿಂದ ರಸ್ತೆಗೆ ತರುವಾಗ ಬೇರು, ಬಂಡೆ, ಮಣ್ಣು ಎಲ್ಲವೂ ತಡೆಯುತ್ತವೆ. ಲಾರಿ ರಸ್ತೆಯ ಅಂಚಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲುತ್ತದೆ. ಮುಂದಿನ ಚಕ್ರಗಳಿಗೆ ಮರದ ಬೆಣೆ, ಹಿಂಭಾಗದಿಂದ ಗಟ್ಟಿ ಮರಕ್ಕೆ ಚೈನು. ಬರಿ ಲಾರಿಯ ತೂಕವೇ ಸುಮಾರು ಐದು ಟನ್ನು. ಕಟ್ಟದಿದ್ದರೆ ದಿಮ್ಮಿ ಬರುವ ಬದಲು ಲಾರಿಯೇ ಕೆಳಗೆ ಹೋದೀತು. ದಿಮ್ಮಿ ತುಂಬ ದೊಡ್ಡದಾದರೆ ಅದಕ್ಕೆ ಕಪ್ಪಿ ಕಟ್ಟಿ, ರೋಪನ್ನು ಅದರೊಳಗಿಂದ ವಾಪಸು ತಂದು ಲಾರಿಗೇ ಬಿಗಿಯುತ್ತಿದ್ದರು. ಎಳೆತ ಇಮ್ಮಡಿ, ವೇಗ ಅರ್ಧ.

ಲೋಡು ಮಾಡುವುದು ಇನ್ನೂ ನಾಜೂಕಿನ ಕೆಲಸ. ತುಂಬಬೇಕಾದ ಲಾರಿಯ ಪಕ್ಕಕ್ಕೆ ಎರಡು ಗಳಗಳನ್ನು ಓರೆಯಾಗಿ ಒರಗಿಸುತ್ತಾರೆ. ವಿಂಚ್ ಲಾರಿ ಇನ್ನೊಂದು ಮಗ್ಗುಲಲ್ಲಿ ಎದುರಾಗಿ ನಿಲ್ಲುತ್ತದೆ. ರೋಪು ತುಂಬುವ ಲಾರಿಯ ಮೇಲಿಂದ ಹಾದು, ದಿಮ್ಮಿಯ ಅಡಿಯಿಂದ ಸುತ್ತಿ ಬಂದು ಅದೇ ಲಾರಿಯ ಮೈಗೆ ಕಟ್ಟಿಕೊಳ್ಳುತ್ತದೆ. ವಿಂಚ್ ತಿರುಗಿದಾಗ ದಿಮ್ಮಿ ಗಳಗಳ ಮೇಲೆ ಉರುಳುತ್ತ ಏರುತ್ತದೆ. ಎರಡು ತುದಿ ಸಮನಾಗಿ ಏರಬೇಕು. ಒಂದು ತುದಿ ಮುಂದಾದರೆ ಕೈ ಎತ್ತುತ್ತಾರೆ, ವಿಂಚ್ ನಿಲ್ಲುತ್ತದೆ, ಸನ್ನೆಗೋಲಿನಿಂದ ಸರಿಮಾಡುತ್ತಾರೆ. ಬಿಗಿದ ರೋಪಿನ ನೇರಕ್ಕೆ ಯಾರೂ ನಿಲ್ಲುವಂತಿರಲಿಲ್ಲ. ರೋಪಿನ ನಡುವೆ ಒದ್ದೆ ಗೋಣಿಚೀಲ ಹೊದಿಸುತ್ತಿದ್ದರು; ತುಂಡಾದರೆ ಅದರ ಏಟು ಚೀಲದ ಭಾರಕ್ಕೆ ತಗ್ಗಲಿ ಎಂದು. ಹಳೆಯ ರೋಪಿನ ಕಡಿದ ತಂತಿಗಳು ಅಂಗೈ ಸೀಳುತ್ತಿದ್ದವು. ಆ ಕಾಲದ ಕ್ಲೀನರುಗಳ ಕೈ ನೋಡಿದರೆ ಅವರ ಕಸುಬು ಗೊತ್ತಾಗುತ್ತಿತ್ತು. ಈ ಕೆಲಸದಲ್ಲಿ ಕಾಲು ಕಳೆದುಕೊಂಡವರಿದ್ದಾರೆ, ಜೀವ ಕಳೆದುಕೊಂಡವರಿದ್ದಾರೆ. ಅವರ ಹೆಸರು ಯಾವ ಕಡತದಲ್ಲೂ ನನಗೆ ಕಾಣಸಿಕ್ಕಿಲ್ಲ.

ಲಾರಿಗಳು ಬದಲಾಗುತ್ತ ಹೋದವು. ಪೆಟ್ರೋಲ್ ಎಂಜಿನ್ನಿನ ಹಸಿವು ತಡೆಯಲಾರದೆ ಮಾಲೀಕರು ಡೀಸೆಲ್ಲಿಗೆ ತಿರುಗಿದರು. 1973ರಲ್ಲಿ ಜಗತ್ತಿನ ತೈಲದ ಬೆಲೆ ಏರಿದ ಮೇಲಂತೂ ಬೇರೆ ದಾರಿ ಇರಲಿಲ್ಲ. ಮದ್ರಾಸಿನ ಸಿಂಪ್ಸನ್ ಕಂಪನಿ ತಯಾರಿಸುತ್ತಿದ್ದ ಪರ್ಕಿನ್ಸ್ ಎಂಜಿನ್ನು, ಟಾಟಾ ಲಾರಿಯ ಎಂಜಿನ್ನು ಹಳೆಯ ಮೂತಿಗಳ ಒಳಗೆ ಹೊಕ್ಕವು. ಎಂಜಿನ್ ಬದಲಿಸಿ ಹಳೆಯ ಗೇರ್‌ಬಾಕ್ಸನ್ನೇ ಉಳಿಸಿಕೊಂಡವರಿಗೆ ವಿಂಚ್ ಮೊದಲಿನಂತೆ ನಡೆಯಿತು. ಗೇರ್‌ಬಾಕ್ಸನ್ನೂ ಬದಲಿಸಿದವರಿಗೆ ಪಿ.ಟಿ.ಓ. ಹಲ್ಲು ಕೂಡುತ್ತಿರಲಿಲ್ಲ, ವೇಗ ಹೊಂದುತ್ತಿರಲಿಲ್ಲ, ಎಲ್ಲವನ್ನೂ ಹೊಸದಾಗಿ ಮಾಡಬೇಕಿತ್ತು. ಆಮೇಲೆ ಬಂದದ್ದು ಜಬಲ್ಪುರದ ಶಕ್ತಿಮಾನ್. ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ 1959ರಿಂದ 1996ರವರೆಗೆ ನಮ್ಮ ಸೈನ್ಯಕ್ಕಾಗಿ ತಯಾರಾದ ಲಾರಿ ಅದು. ಸೈನ್ಯ ಅದನ್ನು ಹರಾಜಿಗೆ ಬಿಟ್ಟಾಗ ಮಲೆನಾಡು, ಕೊಡಗಿನವರು ಕೊಂಡು ತಂದರು. ಯುದ್ಧಕಾಲದ ಲಾರಿ ಗುಜರಿಗೆ ಹೋಗುವಾಗ ಅದರ ವಿಂಚನ್ನು ಬಿಚ್ಚಿ ಶಕ್ತಿಮಾನ್ ಮೂತಿಗೆ ಕೂರಿಸಿದ್ದೂ ಉಂಟು. ನನ್ನ ಕೈಯಿಂದಲೇ ಅಂಥ ಕೆಲಸ ಆಗಿದೆ. ನಲವತ್ತರ ದಶಕದ ಆ ವರ್ಮ್ ಗೇರಿನ ಕಂಚಿನ ಚಕ್ರ ಆಗಲೂ ಹಲ್ಲು ಸವೆಯದೆ ಗಟ್ಟಿಯಾಗಿತ್ತು.

ಈ ಚರಿತ್ರೆಗೆ ಇನ್ನೊಂದು ಮುಖವಿದೆ. ಆನೆ ಇಳಿಯದ ಕಣಿವೆಗೆ ವಿಂಚಿನ ರೋಪು ಇಳಿಯಿತು. ಎತ್ತಿನ ಗಾಡಿಯ ಕಾಲದಲ್ಲಿ ರಸ್ತೆಯಿಂದ ದೂರವಿದ್ದ ಕಾರಣಕ್ಕೇ ಉಳಿದಿದ್ದ ಧೂಪ, ನಂದಿ, ಹೊನ್ನೆಯ ಮರಗಳು ನಮ್ಮ ಲಾರಿಗಳ ದೆಸೆಯಿಂದ ಡಿಪೋ ಸೇರಿದವು. ಪ್ಲೈವುಡ್ ಆದವು, ರೈಲುಹಳಿಯ ಸ್ಲೀಪರ್ ಆದವು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. 1983ರ ಸೆಪ್ಟೆಂಬರ್ 8ರಂದು ಶಿರಸಿ ಸೀಮೆಯ ಸಲ್ಕಣಿ ಭಾಗದ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ನಿಂತರು. ಪಾಂಡುರಂಗ ಹೆಗಡೆಯವರ ಮುಂದಾಳತ್ವದ ಆ ಅಪ್ಪಿಕೊ ಚಳವಳಿಯ ಸುದ್ದಿ ನಮ್ಮ ಗ್ಯಾರೇಜಿಗೂ ಮುಟ್ಟಿತು. ಮುಂದಿನ ವರ್ಷಗಳಲ್ಲಿ ಪಶ್ಚಿಮ ಘಟ್ಟದ ಹಸಿಮರ ಕಡಿತ ಇಳಿಮುಖವಾಗುತ್ತ ಬಂತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ದೇಶದುದ್ದಕ್ಕೂ ಕಾಡಿನ ಕಡಿತಕ್ಕೆ ಬಿಗಿ ಹಾಕಿತು. ಕೂಪುಗಳು ನಿಂತದ್ದು ಸರಿ. ನಮ್ಮ ಅನ್ನ ಅದರಲ್ಲಿತ್ತು, ಆದರೂ ಇದನ್ನು ಮನಸಾರೆ ಹೇಳುತ್ತೇನೆ: ಆ ಮರಗಳು ನಿಂತಿದ್ದರಿಂದಲೇ ಇವತ್ತು ನಮ್ಮ ಹಳ್ಳಗಳಲ್ಲಿ ಬೇಸಗೆಯಲ್ಲೂ ನೀರಿದೆ. ವಿಂಚ್ ಲಾರಿಗಳು ಕಾಫಿ ತೋಟದ ಸಿಲ್ವರ್ ಓಕ್ ಎಳೆಯುವುದಕ್ಕೆ, ಮಳೆಗಾಲದಲ್ಲಿ ಚರಂಡಿಗೆ ಬಿದ್ದ ಬಸ್ಸು ಎತ್ತುವುದಕ್ಕೆ, ರಸ್ತೆಗೆ ಉರುಳಿದ ಮರ ಸರಿಸುವುದಕ್ಕೆ ಉಳಿದುಕೊಂಡವು. ಆಮೇಲೆ ಜೆ.ಸಿ.ಬಿ. ಬಂತು, ಅವು ಶೆಡ್ಡಿನಲ್ಲಿ ನಿಂತವು.

ಕಾಡಿನ ಚರಿತ್ರೆ ಬರೆಯುವವರಿಗೆ ಈ ಲಾರಿಗಳು ಬೇಕು. ಯಾವ ಕಣಿವೆಯ ಮರ ಯಾವ ಕಾಲದಲ್ಲಿ, ಯಾವ ಬಲದಿಂದ ಹೊರಬಂತು ಎಂಬುದಕ್ಕೆ ಅವು ಸಾಕ್ಷಿ. ಆದರೆ ನಮ್ಮ ಕಾನೂನಿನಲ್ಲಿ ಅವಕ್ಕೆ ಜಾಗವಿಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳ ನೋಂದಣಿಗೆ ನಿಯಮ ತಂದಿತು. ಐವತ್ತು ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ವಿಂಟೇಜ್ ಎಂಬ ಮಾನ್ಯತೆ ಸಿಕ್ಕಿತು. ಷರತ್ತು ಏನೆಂದರೆ ವಾಹನ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಸರಕು ಸಾಗಿಸುವ ಲಾರಿ ಈ ಲೆಕ್ಕಕ್ಕೇ ಬರುವುದಿಲ್ಲ. ಬಂದರೂ ನಮ್ಮ ಲಾರಿಗಳು ಷರತ್ತಿನಲ್ಲಿ ಸೋಲುತ್ತವೆ. ಅವುಗಳ ಚಾಸಿಯನ್ನು ನಾವು ಉದ್ದ ಮಾಡಿದ್ದೇವೆ, ಎಂಜಿನ್ ಬದಲಿಸಿದ್ದೇವೆ, ಮೂತಿಗೆ ವಿಂಚ್ ಕಟ್ಟಿದ್ದೇವೆ. ಕೆನಡಾದಿಂದ ಹೊರಟಾಗ ಇದ್ದ ರೂಪವನ್ನು ಮೂಲವೆಂದು ಎಣಿಸುವುದಾದರೆ ಮಲೆನಾಡಿನಲ್ಲಿ ಅವು ದುಡಿದ ಅರ್ಧ ಶತಮಾನ ಬರಿ ಹಾಳು ಮಾಡಿದ ಕಾಲ ಎಂದಾಗುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಆ ಲಾರಿಗಳ ಮೈಮೇಲಿನ ಪ್ರತಿ ಬೋಲ್ಟೂ ನಮ್ಮ ಚರಿತ್ರೆ.

ಈಗೀಗ ದೊಡ್ಡ ಊರುಗಳ ಸಂಗ್ರಹಕಾರರು ಬಂದು ಉಳಿದ ಕೆಲವು ಲಾರಿಗಳನ್ನು ಕೊಂಡೊಯ್ಯುತ್ತಾರೆ. ಅವರ ಪ್ರೀತಿಯ ಬಗ್ಗೆ ನನಗೆ ಗೌರವವಿದೆ. ಅವರಿಲ್ಲದಿದ್ದರೆ ಆ ಲಾರಿಗಳು ಗುಜರಿಗೆ ಹೋಗುತ್ತಿದ್ದವು. ಆದರೆ ಕೊಂಡ ಮೇಲೆ ಮೊದಲು ಮಾಡುವ ಕೆಲಸ ಹಸಿರು ಬಣ್ಣ ಹೊಡೆದು, ಬಿಳಿ ನಕ್ಷತ್ರ ಬರೆದು, ಕಮ್ಮಾರ ಬಡಿದ ಬ್ರಾಕೆಟ್ಟುಗಳನ್ನು ಕತ್ತರಿಸಿ ತೆಗೆಯುವುದು. ಅವರಲ್ಲಿ ನನ್ನ ವಿನಂತಿ: ಒಂದಾದರೂ ಲಾರಿಯನ್ನು ಕೂಪಿನಿಂದ ಬಂದ ಹಾಗೆಯೇ ಉಳಿಸಿ. ಅರಣ್ಯ ಇಲಾಖೆ ಶಿವಮೊಗ್ಗದ ಕಡೆಯಲ್ಲೋ ದಾಂಡೇಲಿಯಲ್ಲೋ ತನ್ನದೊಂದು ಡಿಪೋದಲ್ಲಿ ಅಂಥ ಲಾರಿಗೆ ಮಾಡಿನ ನೆರಳು ಕೊಡಲಿ. ಅದರ ಪಕ್ಕದಲ್ಲಿ ರೋಪು, ಕಪ್ಪಿ, ಸನ್ನೆಗೋಲು, ಮೆದು ಪಿನ್ನಿನ ಡಬ್ಬಿ ಇರಲಿ. ಅವನ್ನು ಬಳಸಿದವರ ಹೆಸರುಗಳೂ ಇರಲಿ. ವಿಂಟೇಜ್ ನಿಯಮಕ್ಕೆ ಸರಕು ವಾಹನಗಳನ್ನೂ ಸೇರಿಸುವಂತೆ, ಕಸುಬಿಗಾಗಿ ಮಾಡಿದ ಹಳೆಯ ಮಾರ್ಪಾಡನ್ನೂ ಮೂಲ ರೂಪವೆಂದೇ ಒಪ್ಪುವಂತೆ ನಮ್ಮ ಜನಪ್ರತಿನಿಧಿಗಳು ಕೇಳಬೇಕು.

ಓದುವ ನಿಮ್ಮ ಊರಿನಲ್ಲೂ ಯಾವುದಾದರೂ ಮಿಲ್ಲಿನ ಹಿಂದೆ, ತೋಟದ ಶೆಡ್ಡಿನಲ್ಲಿ ಅಂಥದೊಂದು ಲಾರಿ ನಿಂತಿರಬಹುದು. ಗುಜರಿಯವನಿಗೆ ಕೊಡುವ ಮೊದಲು ಅದರ ವಿಂಚ್ ಯಾವ ಗ್ಯಾರೇಜಿನಲ್ಲಿ, ಯಾರ ಕೈಯಲ್ಲಿ ಕೂತಿತೆಂದು ಊರಿನ ಹಿರಿಯರನ್ನು ಕೇಳಿ, ಬರೆದಿಡಿ. ಕೇಳಿದರೆ ಹೇಳಬಲ್ಲವರು ಇನ್ನೂ ಕೆಲವರಿದ್ದಾರೆ.